ಕಾಲು ಎಟುಕದ ಕಾರು

ನನಗೆ ಕಾರು ಓಡಿಸುವುದನ್ನು ಕಲಿಸಿದವರು ನನ್ನ ಮಾವನವರು. ಪ್ರೀತಿಯಿಂದ ಕಲಿಸಿದರು ಎಂದರೆ ಸುಳ್ಳಾಗುತ್ತದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗನಿಗೆ ಚಿಕ್ಕಪೇಟೆಯ ಬಟ್ಟೆ ಅಂಗಡಿ ಬಿಟ್ಟು ಬರಲು ಪುರುಸೊತ್ತಿರಲಿಲ್ಲ. ತಮ್ಮ ಹಳೆಯ ಬೇಬಿ ಕಾರಿನಲ್ಲಿ ಸಂಜೆ ಒಂದು ಸುತ್ತು ಹೋಗಿ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅತ್ತೆ ತೀರಿಹೋಗಿದ್ದರು, ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಪಕ್ಕದ ಸೀಟಿನಲ್ಲಿ ಕೂತು, ಕ್ಲಚ್ ತಪ್ಪಿದಾಗಲೆಲ್ಲ ಊರುಗೋಲಿನ ತುದಿಯಿಂದ ನನ್ನ ಮೊಣಕಾಲಿಗೆ ಕುಟ್ಟುತ್ತಿದ್ದರು.

"ಕಾಲಲ್ಲ ಕಣಮ್ಮ ಇದು, ಒನಕೆ" ಎನ್ನುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದಲ್ಲಿ ರಸ್ತೆಗಳು ಬಂದಿದ್ದವು, ಮನೆಗಳು ಬಂದಿರಲಿಲ್ಲ. ಸೈಟುಗಳಿಗೆ ಕಲ್ಲು ನೆಟ್ಟು ಬಿಟ್ಟಿದ್ದರು, ನಡುವೆ ಲಂಟಾನ ಬೆಳೆದಿತ್ತು. ಗುದ್ದಲು ಏನೂ ಇರಲಿಲ್ಲವಾದ್ದರಿಂದ ಬೇಗ ಕಲಿತೆ. ನಾನು ಗಿಡ್ಡಿ. ಆ ಕಾರು ನನ್ನ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಲೈಸೆನ್ಸ್ ಸಿಕ್ಕಿದ ದಿನ ಮಾವನವರು, "ಸದ್ಯ, ಇನ್ನು ಯಾರ ಕೈಕಾಲೂ ಹಿಡೀಬೇಕಾಗಿಲ್ಲ" ಎಂದರು. ಅದು ನನ್ನ ಬಗ್ಗೆ ಅಲ್ಲ, ತಮ್ಮ ಬಗ್ಗೆ ಹೇಳಿಕೊಂಡದ್ದು. ಆದರೂ ಆ ಮಾತು ನನಗೂ ಹಿತವಾಗಿತ್ತು.

ಮಾವನವರು ತೀರಿಕೊಂಡ ಮೇಲೂ ನಾನು ಓಡಿಸುವುದನ್ನು ಬಿಡಲಿಲ್ಲ. ನನ್ನ ತಾಯಿ ತಲಘಟ್ಟಪುರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಕನಕಪುರ ರಸ್ತೆ ಹಿಡಿದು ಹೋಗಿ ಬರುತ್ತಿದ್ದೆ. ಊರ ಬಾಗಿಲಲ್ಲಿ ಹಾರ್ನ್ ಹೊಡೆದರೆ ಅಮ್ಮ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಶುಕ್ರವಾರ ಬೀದಿಯ ಹೆಂಗಸರನ್ನು ತುಂಬಿಕೊಂಡು ಬನಶಂಕರಿಯಮ್ಮನ ಗುಡಿಗೆ ಹೋಗುತ್ತಿದ್ದೆ. ನಮ್ಮ ಮನೆಯವರು ಇದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಳೆ ಬಂದ ದಿನ ಬಸ್ ಸ್ಟಾಪಿಗೆ ಹೋಗಿ ಕರೆದುಕೊಂಡು ಬಂದರೆ ಸುಮ್ಮನೆ ಹತ್ತಿ ಕೂರುತ್ತಿದ್ದರು.

ಅದೆಲ್ಲ ಕೆಟ್ಟದ್ದು ತ್ಯಾಗರಾಜನಗರದ ಒಂದು ನಾಮಕರಣದಲ್ಲಿ. ನಾನು ಕಾರು ನಿಲ್ಲಿಸಿದೆ. ಅವರು ಹಣ್ಣಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದವರು ಇಳಿದರು. ವರಾಂಡದಲ್ಲಿ ಗಂಡಸರೆಲ್ಲ ಕುರ್ಚಿ ಹಾಕಿಕೊಂಡಿದ್ದರು. ಇವರ ದೊಡ್ಡಪ್ಪನ ಮಗ ಅಲ್ಲಿಂದಲೇ ಕೇಳಿದರು.

"ಏನಯ್ಯಾ, ಹೆಂಡ್ತಿ ಡ್ರೈವರು. ನೀನು ಕ್ಲೀನರಾ?"

ಎಲ್ಲರೂ ನಕ್ಕರು. ಇವರೂ ನಕ್ಕರು. ಊಟಕ್ಕೆ ಕೂತಾಗ ಇನ್ಯಾರೋ ಅದನ್ನೇ ಮತ್ತೆ ಹೇಳಿದರು. ಆಗಲೂ ನಕ್ಕರು. ವಾಪಸು ಬರುವಾಗ ದಾರಿಯುದ್ದಕ್ಕೂ ಖಾಲಿ ತಟ್ಟೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ಮಾತೆತ್ತಿದರು. "ಅಪ್ಪನ ಕಾರು ಹಳೇದಾಯ್ತು. ಎಕ್ಸ್‌ಚೇಂಜಿಗೆ ಹಾಕಿ ಬೇರೆ ತಗೊಳ್ಳೋಣ. ನೀನೂ ಬಾ."

"ನಾನ್ಯಾಕ್ರೀ? ನಂಗೇನು ಗೊತ್ತಾಗತ್ತೆ?"

"ಓಡಿಸೋಳು ನೀನಲ್ವಾ. ಕೂತು ನೋಡ್ಬೇಕು."

ನನಗಾದ ಸಂತೋಷ ಅಷ್ಟಿಷ್ಟಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ನನ್ನನ್ನು ಕೇಳಿ ಒಂದು ಲೋಟವನ್ನೂ ಕೊಂಡವರಲ್ಲ. ಒಳ್ಳೆಯ ಸೀರೆ ಉಟ್ಟೆ. ಬೇಬಿ ಕಾರನ್ನು ಒರೆಸಿ, ನಾನೇ ಓಡಿಸಿಕೊಂಡು ಹೊರಟೆ. ಲಾಲ್‌ಬಾಗಿನ ಆಚೆ ಒಂದು ದೊಡ್ಡ ಮರದಡಿ ಹಳೇ ಕಾರುಗಳ ವ್ಯಾಪಾರಿಯ ಅಂಗಳವಿತ್ತು. ಆತ ನಮ್ಮ ಕಾರಿನ ಬಾನೆಟ್ ಎತ್ತಿ ನೋಡಿ, "ಚೆನ್ನಾಗಿ ಇಟ್ಕೊಂಡಿದೀರಿ ಸಾರ್" ಎಂದ. ಇವರು ನನ್ನ ಕಡೆ ತಿರುಗಿ, "ಒಂದೊಂದ್ರಲ್ಲೂ ಕೂತ್ಕೊಂಡು ಹೇಳು. ಸಂಕೋಚ ಬೇಡ" ಎಂದರು.

ನಾನು ಒಂದೊಂದರಲ್ಲೂ ಕೂತೆ. ಮೊದಲನೆಯದು ಒಂದು ಚಿಕ್ಕ ಹಸಿರು ಕಾರು, ಬ್ರೇಕು ಕ್ಲಚ್ಚು ಎಲ್ಲ ಅಂಗಾಲಿಗೆ ಸಿಕ್ಕವು. "ಇದು ಸರಿಯಾಗಿದೆ ರೀ" ಎಂದೆ. ಅವರು ತಲೆಯಾಡಿಸಿ ಮುಂದಕ್ಕೆ ನಡೆದರು. ಎರಡನೆಯದು ಸ್ವಲ್ಪ ದೂರವಾಯಿತು. "ದಿಂಬು ಇಟ್ಕೊಂಡ್ರೆ ಆಗತ್ತೆ" ಎಂದೆ. ಅದನ್ನೂ ಬಿಟ್ಟು ಮುಂದೆ ಹೋದರು. ಕೊನೆಯಲ್ಲಿ ಬೂದು ಬಣ್ಣದ ಒಂದು ಅಮೆರಿಕನ್ ಕಾರು ನಿಂತಿತ್ತು. ಒಂದು ಕೋಣೆಯಷ್ಟು ದೊಡ್ಡದು. ಹತ್ತಿ ಕೂತರೆ ಸ್ಟೀರಿಂಗಿನ ಮೇಲಿಂದ ನನಗೆ ಕಂಡದ್ದು ಬರೀ ಬಾನೆಟ್. ಕಾಲು ಚಾಚಿದೆ. ಸೀಟಿನ ಅಂಚಿಗೆ ಜಾರಿ ಇನ್ನಷ್ಟು ಚಾಚಿದೆ. ಹೆಬ್ಬೆರಳು ಕ್ಲಚ್ಚಿಗೆ ಸೋಕಿತೇ ಹೊರತು ಒತ್ತಲಾಗಲಿಲ್ಲ.

"ಎಟುಕಲ್ಲ ರೀ" ಎಂದೆ, ನಗುತ್ತಾ.

"ಸರಿಯಾಗಿ ನೋಡು."

ಮತ್ತೆ ಪ್ರಯತ್ನಿಸಿ ನೋಡಿದೆ. "ಇಲ್ಲ. ಇದು ನನ್ ಕೈಲಿ ಸಾಧ್ಯವೇ ಇಲ್ಲ."

"ಇದೇ ಇರ್ಲಿ" ಎಂದರು ವ್ಯಾಪಾರಿಗೆ.

ಅವರಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ವ್ಯಾಪಾರಿಯೂ ಹಾಗೇ ಅಂದುಕೊಂಡಿರಬೇಕು. "ಸಾರ್, ಅಮ್ಮಾವ್ರಿಗೆ ಆ ಹಸಿರು ಕಾರು ಹೇಳಿ ಮಾಡಿಸಿದ ಹಾಗಿದೆ. ಇದೇ ಬೇಕು ಅಂದ್ರೆ, ಸೀಟು ಮುಂದಕ್ಕೆ ಸರಿಯೋದು ತುಕ್ಕು ಹಿಡಿದು ನಿಂತಿದೆ ಅಷ್ಟೆ. ಎರಡು ದಿನ ಕೊಡಿ, ಬಿಡಿಸಿ ಕೊಡ್ತೀನಿ" ಎಂದ.

"ಬೇಡ. ಬಿಡಿಸಬೇಡಿ. ಹೀಗೇ ಇರ್ಲಿ."

ಆಗ ನನಗೆ ಅರ್ಥವಾಯಿತು. ನಾನಿನ್ನೂ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ವ್ಯಾಪಾರಿ ನನ್ನ ಮುಖವನ್ನೊಮ್ಮೆ ನೋಡಿ, ನೋಡಬಾರದ್ದನ್ನು ನೋಡಿದವನಂತೆ ಕಣ್ಣು ತೆಗೆದ. ಇವರು ಬಾಗಿಲು ತೆರೆದು, "ಇಳಿ, ಆ ಕಡೆ ಕೂತ್ಕೋ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಜಗಳವಾಡಲಿಲ್ಲ. ಆಡುವುದಕ್ಕೆ ಏನಿತ್ತು? ಓಡಿಸಬೇಡ ಎಂದು ಅವರು ಒಂದು ದಿನವೂ ಹೇಳಿರಲಿಲ್ಲ. ಕೀಲಿಕೈಯನ್ನು ಯಾವಾಗಿನ ಮೊಳೆಗೇ ನೇತು ಹಾಕುತ್ತಿದ್ದರು. ಶುಕ್ರವಾರ ಬೀದಿಯ ಹೆಂಗಸರು ಬಂದು ಕೇಳಿದರೆ, "ಕಾರಿದೆಯಲ್ಲ, ಕರ್ಕೊಂಡು ಹೋಗ್ತಾಳೆ ಕೇಳಿ" ಎನ್ನುತ್ತಿದ್ದರು. ನಾನು ಮೈ ಸರಿಯಿಲ್ಲ ಎಂದೆ, ಪೆಟ್ರೋಲಿಲ್ಲ ಎಂದೆ. ಕೊನೆಗೆ ಆ ಹೆಂಗಸರು ಬರುವುದನ್ನೇ ಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ತಲಘಟ್ಟಪುರದಿಂದ ಅಣ್ಣ ಆಳನ್ನು ಕಳಿಸಿದ್ದ. ಅಮ್ಮ ಮಲಗಿದ್ದಾಳೆ, ಅನ್ನ ಬಿಟ್ಟಿದ್ದಾಳೆ, ನನ್ನನ್ನು ಕೇಳುತ್ತಿದ್ದಾಳೆ. ಇವರು ಪೇಪರ್ ಓದುತ್ತಿದ್ದರು.

"ಈಗ್ಲೇ ಹೋಗ್ಬೇಕು ರೀ" ಎಂದೆ.

"ಊಟ ಮುಗಿಸಿ ನೋಡೋಣ." ಪೇಪರ್ ಇಳಿಸಲಿಲ್ಲ. "ಅವಸರ ಇದ್ರೆ ತಗೊಂಡು ಹೋಗು. ಬೇಡ ಅಂದೋರ್ಯಾರು?"

ನಾನು ಕೀಲಿಕೈ ತೆಗೆದುಕೊಂಡೆ. ಬೆನ್ನಿಗೆ ಎರಡು ದಿಂಬು ಒತ್ತಿಕೊಂಡು, ಸೀಟಿನ ತುದಿಯಲ್ಲಿ ಕೂತು ಕಾರು ಚಾಲೂ ಮಾಡಿದೆ. ಗೇಟಿನವರೆಗೆ ಹೇಗೋ ಬಂತು. ಅಲ್ಲಿ ತಿರುಗಿಸುವಾಗ ದಿಂಬು ಜಾರಿತು, ಕಾಲು ತಪ್ಪಿತು, ಮುಂದಿನ ಚಕ್ರ ಮೋರಿಗಿಳಿದು ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಎದುರು ಮನೆಯವರು ಓಡಿ ಬಂದರು. ಇನ್ನಿಬ್ಬರು ಬಂದರು. ಇವರು ಕಾಫಿ ಲೋಟ ಹಿಡಿದು ಬಂದು ಮೆಟ್ಟಿಲ ಮೇಲೆ ನಿಂತರು.

"ಸಾರ್, ಒಂದು ಕೈ ಹಾಕಿ, ಎತ್ತಿಬಿಡೋಣ" ಎಂದರು ಎದುರು ಮನೆಯವರು.

"ಬಿಡಿ ಸಾರ್, ಅವಳೇ ತಗೀತಾಳೆ. ಲೈಸೆನ್ಸ್ ಇದೆ."

ಯಾರೋ ಕಿಸಕ್ಕೆಂದರು. ಇವರು ಇನ್ನೊಂದು ಗುಟುಕು ಕುಡಿದರು. ನಾನು ಇಳಿದು, ಸೆರಗು ಸರಿಮಾಡಿಕೊಂಡು, ಬಂದಿದ್ದ ಆಳಿನ ಜೊತೆ ಬಸ್ಸಿಗೆ ನಡೆದೆ.

ಅಮ್ಮ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ತಿರುಗಿದಳು.

"ಹಾರ್ನು ಕೇಳಿಸ್ಲಿಲ್ವಲ್ಲೇ."

"ನೀನು ಮಲಗಿರ್ತೀಯ ಅಂತ ಹೊಡೀಲಿಲ್ಲ ಕಣಮ್ಮ."

"ನೀನೇ ಓಡಿಸ್ಕೊಂಡು ಬಂದ್ಯಾ?"

"ಹೂಂ."

"ಹೊಸ ಕಾರು?"

"ಹೂಂ ಅಮ್ಮ. ದೊಡ್ಡದು."

ಅತ್ತಿಗೆಗೆ ನಾನು ಬಸ್ಸಿನಲ್ಲಿ ಬಂದದ್ದು ಗೊತ್ತಿತ್ತು. ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಅಮ್ಮ ಆ ವಾರ ದಾಟಲಿಲ್ಲ.

ಮಣ್ಣಿಗೆ ನಮ್ಮ ಮನೆಯವರು ದೊಡ್ಡ ಕಾರಿನಲ್ಲಿ ಬಂದರು. ಎಲ್ಲರಿಗಿಂತ ಮುಂದೆ ನಿಂತು ಓಡಾಡಿದರು, ಹೂವು ತರಿಸಿದರು, ಬೆಂಗಳೂರಿನಿಂದ ಬಂದ ನೆಂಟರನ್ನು ಬಸ್ಸಿನವರೆಗೆ ಬಿಟ್ಟುಬಂದರು. ಇಂಥ ಅಳಿಯ ಸಿಗಬೇಕಲ್ಲ ಎಂದು ಊರೆಲ್ಲ ಹೊಗಳಿತು. ಎಲ್ಲ ಮುಗಿದು ಹೊರಡುವಾಗ ನನಗಾಗಿ ಮುಂದಿನ ಬಾಗಿಲು ತೆರೆದು ಹಿಡಿದರು. ನಾನು ಹಿಂದಿನ ಬಾಗಿಲು ತೆರೆದು ಒಳಗೆ ಕೂತೆ. ಅಳುತ್ತಿದ್ದೇನೆ ಎಂದುಕೊಂಡು ಅವರು ಮುಂದಿನ ಬಾಗಿಲು ಮುಚ್ಚಿ ಕಾರು ಹೊರಡಿಸಿದರು.

ಮುಂದಿನ ಸಲವೂ ಹಿಂದೆಯೇ ಕೂತೆ. ಅದರ ಮುಂದಿನ ಸಲವೂ. ಅವರಿಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಒಂದು ದಿನ ಬನಶಂಕರಿಯ ಕಡೆ ಹೋಗುತ್ತಾ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೆವು. ಅಲ್ಲಿದ್ದವನು ಹೊಸಬ. ಸ್ಟೀರಿಂಗ್ ಹಿಡಿದಿದ್ದ ಇವರನ್ನು ದಾಟಿ ನನ್ನ ಕಿಟಕಿಗೆ ಬಂದು ಬಗ್ಗಿ ಕೇಳಿದ.

"ಎಷ್ಟು ಹಾಕ್ಲಿ ಅಮ್ಮಾವ್ರೇ? ಯಜಮಾನ್ರು ಬರ್ಲಿಲ್ವಾ?"

"ಇಲ್ಲ" ಎಂದೆ. "ಅವರು ಬಂದಿಲ್ಲ."

ಇವರ ಕುತ್ತಿಗೆ ಕಿವಿಯವರೆಗೆ ಕೆಂಪಾದದ್ದು ನನಗೆ ಹಿಂದಿನಿಂದ ಚೆನ್ನಾಗಿ ಕಂಡಿತು. ಕಣ್ಣಾರೆ ನೋಡಿದೆ.

ಮನೆಗೆ ಬಂದು ಕಾರು ನಿಲ್ಲಿಸಿ, ಇಳಿಯದೆ, ತಿರುಗದೆ ಹೇಳಿದರು. "ನಾಳೆಯಿಂದ ಮುಂದೆ ಕೂತ್ಕೋ."

ನಾನು ಇಳಿದು ಒಳಗೆ ಹೋದೆ.

ಆಮೇಲೆ ಒಬ್ಬ ಡ್ರೈವರನ್ನು ಇಟ್ಟರು. ಅವರ ಕೈಕಾಲು ಕಣ್ಣು ಎಲ್ಲ ನೆಟ್ಟಗಿತ್ತು, ಅಂಗಡಿಯ ವ್ಯಾಪಾರವೇನೂ ಅಷ್ಟು ಏರಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಬೆನ್ನುನೋವು ಎನ್ನುತ್ತಿದ್ದರು. ಅಲ್ಲಿಂದ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂರುವುದಾಯಿತು, ಅವರು ಆ ಕಿಟಕಿಗೆ, ನಾನು ಈ ಕಿಟಕಿಗೆ. ಹೀಗೇ ಗುಡಿಗೆ ಹೋದೆವು, ಮದುವೆಗಳಿಗೆ ಹೋದೆವು. ನನ್ನ ಲೈಸೆನ್ಸಿನ ಅವಧಿ ಮುಗಿಯಿತು, ನಾನು ನವೀಕರಿಸಲಿಲ್ಲ. ಅದು ಅವರಿಗೆ ಗೊತ್ತಾದ ದಿನ, "ಮಾಡಿಸ್ಕೋಬಾರ್ದಿತ್ತಾ?" ಎಂದರು. ಡ್ರೈವರು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಬಹಳ ಮೆಲ್ಲಗೆ ಹೇಳಿದರು. ನಾನು ಡ್ರೈವರಿಗೆ, ಮುಂದಿನ ತಿರುವಿನಲ್ಲಿ ಎಡಕ್ಕೆ ಹೋಗಪ್ಪ, ತರಕಾರಿ ಕೊಳ್ಳಬೇಕು ಎಂದೆ.