ಆಕಸ್ಮಿಕ ಅವಕಾಶ

ದೆಹಲಿಗೆ ವರ್ಗವಾಗಿ ಬಂದ ಮೊದಲ ವರ್ಷ ನನ್ನ ಹಿಂದಿಗೆ ಒಂದೇ ಸೂತ್ರವಿತ್ತು. ಪದ ಗೊತ್ತಿಲ್ಲವೇ, ಕನ್ನಡದಲ್ಲಿರುವ ಸಂಸ್ಕೃತ ಪದದ ಬಾಲ ಕತ್ತರಿಸು. ಸಮಯ ಸಮಯ್ ಆಯಿತು, ದೇಶ ದೇಶ್ ಆಯಿತು. ಜನಕಪುರಿಯ ತರಕಾರಿ ಭಯ್ಯಾನಿಂದ ಹಿಡಿದು ಕಚೇರಿಯ ಸಾಹೇಬರವರೆಗೆ ಎಲ್ಲರೊಂದಿಗೂ ಈ ಬಾಲವಿಲ್ಲದ ಹಿಂದಿಯಲ್ಲೇ ಏಗುತ್ತಿದ್ದೆ.

ಸಣ್ಣ ಸಣ್ಣ ಮಹಿಳಾ ಸಂಘಗಳು ಸರ್ಕಾರದ ಅನುದಾನ ಕೇಳಿ ಬರೆದ ಅರ್ಜಿಗಳನ್ನು ನೋಡುವುದು ನನ್ನ ಕೆಲಸ. ಯಾವ ಅರ್ಜಿ ತೆರೆದರೂ ಹೊಲಿಗೆ ಯಂತ್ರ. ನನಗೆ ರೇಗಿಹೋಗುತ್ತಿತ್ತು. ದೇಶದ ಹೆಂಗಸರೆಲ್ಲ ಬ್ಲೌಸ್ ಹೊಲಿಯುತ್ತ ಕೂತರೆ ಹೊಲಿಸಿಕೊಳ್ಳುವವರು ಯಾರು? ಫರೀದಾಬಾದಿನ ಒಂದು ಸಂಘವೂ ಅದನ್ನೇ ಕೇಳಿತ್ತು. ತಪಾಸಣೆಗೆ ನಾನೇ ಹೋದೆ.

ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ, ಒಂದು ಚಾಪೆ, ಅದರ ತುಂಬ ಹೆಂಗಸರು. ಸಂಘದ ಅಧ್ಯಕ್ಷೆ ದಪ್ಪ ದನಿಯ ಹಿರಿಯಾಕೆ. ಎಲ್ಲರಿಗೂ ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಸಿಟ್ಟಿದ್ದರು. ನಾನು ಕೇಳಿದೆ: "ಆಪ್ ಕೋ ಅವಕಾಶ್ ಮಿಲೇ ತೋ ಕ್ಯಾ ಕರೇಂಗೇ?" ಅವಕಾಶ ಸಿಕ್ಕರೆ ಏನು ಮಾಡುತ್ತೀರಿ ಅಂತ ನನ್ನ ಎಣಿಕೆ. ಹಿಂದಿಯಲ್ಲಿ ಅವಕಾಶ್ ಎಂದರೆ ರಜೆ ಅಂತ ನನಗೇನು ಗೊತ್ತು?

ಹೆಂಗಸರು ಮುಖ ಮುಖ ನೋಡಿಕೊಂಡರು. ಸರ್ಕಾರದವರು ಬಂದು ರಜೆಯ ಮಾತೆತ್ತಿದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಕಣ್ತುಂಬ ನಿದ್ದೆ ಮಾಡ್ತೀನಿ, ಮೇಡಂ," ಎಂದಳು ಒಬ್ಬಳು. "ತೌರಿಗೆ ಹೋಗಿ ಕೂತಲ್ಲೇ ತಿಂತೀನಿ," ಎಂದಳು ಇನ್ನೊಬ್ಬಳು. ನಗುವೋ ನಗು. ಅಧ್ಯಕ್ಷೆ ಹಣೆ ಚಚ್ಚಿಕೊಂಡು ನನಗೆ ಪದದ ಅರ್ಥ ಬಿಡಿಸಿ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನೂ ನಕ್ಕುಬಿಟ್ಟೆ.

ಒಬ್ಬಳು ಮಾತ್ರ ನಗಲಿಲ್ಲ. ಅವಳ ಮಡಿಲಲ್ಲಿ ಮೂರು ವರ್ಷದ ಮಗಳಿದ್ದಳು. "ಅವತ್ತೊಂದು ದಿನ ಇವಳನ್ನ ಒಳಗೆ ಬಿಟ್ಟು ಬೀಗ ಹಾಕೋದು ತಪ್ಪುತ್ತೆ," ಎಂದಳು. ಗಂಡನಿಲ್ಲ, ಕಾರ್ಖಾನೆಗೆ ಹೋಗದೆ ಗತಿಯಿಲ್ಲ. ಅವಳ ಪಾಳಿ ಮುಗಿಯುವವರೆಗೆ ಮಗು ಬೀಗದ ಹಿಂದೆ.

"ಹಾಗಾದ್ರೆ ಹೊಲಿಗೆ ಯಂತ್ರ ಯಾಕೆ ಕೇಳಿದ್ರಿ?" ಎಂದು ಅಧ್ಯಕ್ಷೆಯ ಮೇಲೆ ಸಿಡುಕಿದೆ.

"ಸರ್ಕಾರ ಕೊಡೋದು ಅದನ್ನೇ ಅಂತ ಎಲ್ಲರೂ ಹೇಳಿದ್ರು, ಜೀ. ಮಕ್ಕಳನ್ನ ನೋಡ್ಕೊಳ್ಳೋ ಕೋಣೆ ಕೇಳಿದ್ರೆ ಅದೂ ಇಲ್ಲ, ಇದೂ ಇಲ್ಲ ಅಂತ ಆದ್ರೆ?"

ನನ್ನ ವರದಿಯಲ್ಲಿ ಅವಕಾಶ್ ಪದದ ಎಡವಟ್ಟು ಓದಿ ಸಾಹೇಬರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಮಕ್ಕಳ ಕೋಣೆಗೂ ಕೊಡಬಹುದು. ಆದ್ರೆ ಹೊಸ ಅರ್ಜಿ ಬೇಕು, ಸದಸ್ಯರೆಲ್ಲರ ಸಹಿ ಬೇಕು. ಮಾರ್ಚ್ ಮುಗಿಯೋಕೆ ಮೂರೇ ದಿನ. ಚಲೋ, ಮುಂದಿನ ವರ್ಷ ನೋಡೋಣ," ಎಂದರು.

ಮುಂದಿನ ವರ್ಷವಂತೆ. ಅಲ್ಲಿಯವರೆಗೆ ಆ ಕೂಸು ಬೀಗದೊಳಗೇ ಬೆಳೆಯಬೇಕೇ? ಮೈಯೆಲ್ಲ ಉರಿಯಿತು. ಮರುದಿನಕ್ಕೆ ರಜೆ ಅರ್ಜಿಯನ್ನು ಹಿಂದಿಯಲ್ಲೇ ಬರೆದು ಮುಂದಿಟ್ಟೆ: ಆಕಸ್ಮಿಕ್ ಅವಕಾಶ್, ಅಂದರೆ ಕ್ಯಾಶುಯಲ್ ಲೀವ್. "ಅಚ್ಛಾ, ಈಗ ಅರ್ಥ ಗೊತ್ತಾಯ್ತು," ಎಂದು ಸಾಹೇಬರು ಸಹಿ ಹಾಕಿದರು. ಮೆಟ್ರೋ ಹಿಡಿದು ಹೋಗಿ ಅಧ್ಯಕ್ಷೆಯ ಕೈಲಿ ಹೊಸ ಅರ್ಜಿ ಬರೆಸಿದೆ. ಪಾಳಿ ಬಿಡುವ ಹೊತ್ತಿಗೆ ಇಬ್ಬರೂ ಕಾರ್ಖಾನೆ ಗೇಟಿನಲ್ಲಿ ನಿಂತು ಒಬ್ಬೊಬ್ಬರದೇ ಸಹಿ ಹಾಕಿಸಿಕೊಂಡೆವು. ಕೊನೆಯ ದಿನ ಸಂಜೆ ಕಡತ ಮಂಜೂರಾಗಿ ಬಂತು. ನಾನು ಇಡೀ ವಿಭಾಗಕ್ಕೆ ಸಮೋಸ ಕೊಡಿಸಿದೆ.

ಮಕ್ಕಳ ಕೋಣೆ ಶುರುವಾದ ಬೆಳಿಗ್ಗೆ ನಾನೂ ಹೋಗಿದ್ದೆ. ಬೀಗ ಹಾಕಿ ಹೋಗುತ್ತಿದ್ದ ಆ ತಾಯಿ ಮಗಳನ್ನು ಕರೆತಂದಳು. ಅಳಬಾರದು, ಅಮ್ಮ ಸಂಜೆ ಬರ್ತಾಳೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದಳಂತೆ. ಹುಡುಗಿ ಒಳಗೆ ಆಡುತ್ತಿದ್ದ ಮಕ್ಕಳನ್ನು ಕಂಡದ್ದೇ ತಾಯಿಯ ಬೆರಳು ಬಿಟ್ಟು ಓಡಿದಳು. ತಾಯಿ ಬಾಗಿಲಲ್ಲೇ ಕಾದಳು. ಕಾರ್ಖಾನೆಯ ಸೈರನ್ ಕೂಗಿತು.

"ನೋಡಿ ಮೇಡಂ, ತಿರುಗಿ ಕೂಡ ನೋಡಲಿಲ್ಲ ಇವಳು," ಎಂದು ಕಣ್ಣೊರೆಸಿಕೊಳ್ಳುತ್ತ ನಕ್ಕು, ಕೆಲಸಕ್ಕೆ ಓಡಿದಳು.