ಸಿಲಿಂಡರಿಗೆ ಲೈಫ್ ಜಾಕೆಟ್

ಗೆಳೆಯರೇ, ಗ್ಯಾಸ್ ತರಲು ಇವತ್ತು ಕಾವೇರಿ ದಾಟಿ ತಮಿಳುನಾಡಿಗೇ ಹೋಗಿಬಂದೆ. ನಮ್ಮ ಗೋಪಿನಾಥಂಗೆ ಈ ವಾರವೂ ಗ್ಯಾಸ್ ಗಾಡಿ ಬರಲಿಲ್ಲ. ಆಚೆ ದಡದಲ್ಲಿರುವ ಮಾವನ ಮನೆಯಲ್ಲಿ ಖಾಲಿ ಸಿಲಿಂಡರ್ ಕೊಟ್ಟು, ಅವರ ತುಂಬಿದ ಸಿಲಿಂಡರ್ ಹೊತ್ತು ತೆಪ್ಪ ಹತ್ತಿದೆ. ಉಳಿದಿದ್ದದ್ದು ಒಂದೇ ಲೈಫ್ ಜಾಕೆಟ್. ನಾನು ಕೈಚಾಚಿದೆ. ತೆಪ್ಪ ನಡೆಸುವ ಮುರುಗ ಅದನ್ನು ಸಿಲಿಂಡರಿಗೆ ತೊಡಿಸಿ ಬೆಲ್ಟ್ ಬಿಗಿದ.

"ನಂಗೆಲ್ಲಲಾ ಮುರುಗಾ?"

"ನಿಮ್ಗೆ ಈಜು ಬತ್ತದಲ್ಲ ಸಾ. ಇದ್ನ ನೀರ್‌ಪಾಲು ಮಾಡುದ್ರೆ ಅಕ್ಕಾರು ನನ್ನ ಸುಮ್ನೆ ಬುಟ್ಟಾರಾ?"

ಈಚೆ ದಡದಲ್ಲಿ ಕಾಯುತ್ತಿದ್ದ ಹೆಂಡತಿ ತೆಪ್ಪ ಬಂದ ತಕ್ಷಣ ಫೋಟೊ ತೆಗೆದು ಸ್ಟೇಟಸ್ ಹಾಕಿದಳು: "ನಮ್ಮಪ್ಪನ ಮನೆಯಿಂದ ಸೇಫಾಗಿ ಬಂತು."

ಜಾಕೆಟ್ ತೊಟ್ಟ ಸಿಲಿಂಡರ್ ಫೋಟೊದಲ್ಲಿ ಚೆನ್ನಾಗಿಯೇ ಬಿದ್ದಿದೆ. ಪಕ್ಕದಲ್ಲಿ ಕಾಣುವ ಮೊಣಕೈ ನನ್ನದು.