ಹಡಗಿನ ಹೊಟ್ಟೆಗೆ ನೀಲವ್ವನ ಗುಂಡುಕಲ್ಲು

ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಸಿದ್ದಲಿಂಗಪ್ಪ ಹಡಗು ಕಟ್ಟಿದ! ಗೋದಾಮಿನಲ್ಲಿ ಮರದ ಪೆಟ್ಟಿಗೆ ಬಡಿದು ನಿವೃತ್ತನಾದ ಬೈಲಹೊಂಗಲದ ಮನುಷ್ಯ. ಸುಮ್ಮನೆ ಕೂತರೆ ಕೈ ಕಡಿಯುತ್ತದೆಂದು ಹಿತ್ತಿಲ ಶೆಡ್ಡಿನಲ್ಲಿ ಕೆತ್ತಿದ್ದು ಎರಡು ಮೊಳದ ಹಾಯಿಹಡಗು. ಹಿಂದಿನ ಕಾಲದಲ್ಲಿ ಇದೇ ಲಂಡನ್ನಿನಿಂದ ಸಂಸಾರ ಸಮೇತ ಜನರನ್ನು ಆಸ್ಟ್ರೇಲಿಯಾಕ್ಕೆ ಒಯ್ಯುತ್ತಿದ್ದವಲ್ಲ, ಅಂಥದ್ದು.

"ಕೈದಿಗಳನ್ನ ಅಲ್ಲಿಗೆ ಸಾಗಸ್ತಿದ್ದ ಹಡಗಲ್ಲಪಾ ಇದು. ತಮ್ಮ ಮನಸ್ಸಿಂದ ಹೊಂಟವರದು, ನಮ್ಮಂಗ!" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಹಾಯಿಗೆ ತನ್ನ ಹಳೆಯ ಧೋತರವನ್ನೇ ಹರಿದಿದ್ದ. ಹಡಗಿನ ಮೇಲೆಲ್ಲ ಬೆರಳುದ್ದದ ಗಂಡಸರು, ಹೆಂಗಸರು, ಕಂಕುಳ ಕೂಸುಗಳು.

ಮೊನ್ನೆ ಭಾನುವಾರ ಅದನ್ನು ಅಕ್ಸ್‌ಬ್ರಿಡ್ಜ್ ಕಡೆಯ ಕೆರೆಯಲ್ಲಿ ತೇಲಿಬಿಡುವುದೆಂದು ಕನ್ನಡದವರಿಗೆಲ್ಲ ಡಂಗುರ ಸಾರಿಬಿಟ್ಟ. ಸ್ಟ್ಯಾನ್ಮೋರಿನ ಡಾಕ್ಟರ್ ಉದಯಶಂಕರ್ ಕಾರು ತಂದು, ಹಡಗೆತ್ತಲು ಒಳಗೆ ಬಂದರು. ಹೊರಡುವ ಮುಂಚೆ ಒಮ್ಮೆ ನೋಡೋಣವೆಂದು ಬಾತ್‌ಟಬ್ಬಿನ ನೀರಿಗಿಳಿಸಿದರೆ, ಧೊಪ್ಪೆಂದು ಮಗ್ಗುಲಾಯಿತು! ಸಿದ್ದಲಿಂಗಪ್ಪ ಎತ್ತಿ ನಿಲ್ಲಿಸಿದ. ಮತ್ತೆ ಮಲಗಿತು.

"ಏನ್ರೀ ಸಿದ್ದಲಿಂಗಪ್ಪನೋರೆ, ಹಡಗಿಗೂ ಭಾನುವಾರದ ನಿದ್ದೇನಾ?" ಡಾಕ್ಟರು ನಕ್ಕರು.

ಸಿದ್ದಲಿಂಗಪ್ಪನ ಮುಖ ಹುಳ್ಳಗಾಯಿತು. ಅಲ್ಲಿ ಕೆರೆದಂಡೆಯಲ್ಲಿ ಜನ ಸೇರುವ ಹೊತ್ತು!

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಖಾರ ಕುಟ್ಟುತ್ತಿದ್ದ ಹೆಂಡತಿ ನೀಲವ್ವ ಗುಂಡುಕಲ್ಲು ಹಿಡಿದೇ ಓಡಿಬಂದಳು. ಬಗ್ಗಿ ನೋಡಿದಳು.

"ಮಂದೀನೆಲ್ಲಾ ಮ್ಯಾಲ ನಿಲ್ಲಿಸೀರಿ. ಇವರ ಸಾಮಾನು ಎಲ್ಲೈತಿ? ಊರು ಬಿಟ್ಟು ಹೊಂಟವರು ಬರಿಗೈಲೆ ಹೋಗ್ತಾರೇನು?"

ಹೌದಲ್ಲ! ಹಡಗಿನ ಹೊಟ್ಟೆ ಖಾಲಿ, ತಳದಲ್ಲಿ ಭಾರವೇ ಇಲ್ಲ. ಸಿದ್ದಲಿಂಗಪ್ಪನ ಕಣ್ಣು ಅವಳ ಕೈಯ ಕಲ್ಲಿನ ಮೇಲೆ ನೆಟ್ಟಿತು.

"ನೀಲಾ, ಅದನ್ನ ಇಲ್ಲಿ ಕೊಡಬೇ."

"ಯಾವುದು? ಏರ್‌ಪೋರ್ಟಿನ್ಯಾಗ ಒಗದು ಬಾ ಅಂದಿದ್ರಲ್ಲ, ಆ ಕಲ್ಲೇನು?"

"ಬೈಯೂದು ಆಮ್ಯಾಲ ಬೈಯಿ. ಈಗ ಕೊಡು!"

"ಲಂಡನ್ನಿಗೆ ಕಲ್ಲು ಹೊತ್ತು ತಂದಾಕಿ ಅಂತ ಇಷ್ಟು ವರ್ಷ ಆಡಿಕೊಂಡ್ರಿ. ಡಾಕ್ಟರ ಮುಂದ ಹೇಳ್ರಿ, ತಂದಿದ್ದು ಚಲೋ ಆತು ಅಂತ."

"ಚಲೋ ಆತು ನಮ್ಮವ್ವಾ, ಭಾಳ ಚಲೋ ಆತು!"

ನೀಲವ್ವ ಕಲ್ಲು ತೊಳೆದು, ಉರುಳಾಡದಂತೆ ಅರಿವೆ ಸುತ್ತಿ, ತಾನೇ ಹಡಗಿನ ತಳಕ್ಕೆ ಒತ್ತಿ ಕೂಡಿಸಿದಳು. ಟಬ್ಬಿಗಿಳಿಸಿದರೆ ಹಡಗು ನೆಟ್ಟಗೆ ನಿಂತಿತು!

ಕೆರೆಯಲ್ಲಿ ಒಳ್ಳೆ ಗಾಳಿ. ಧೋತರ ಉಬ್ಬಿತು, ಬಾತುಗಳು ದಿಕ್ಕಾಪಾಲಾದವು, ಹಡಗು ಓಡಿತು! ಜನ ಹೋ ಎಂದರು. ಸಿದ್ದಲಿಂಗಪ್ಪ ಕೈ ಬೀಸುತ್ತ ದಂಡೆಗುಂಟ ಓಡಿದ. ಅವನಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀಲವ್ವ.

"ಮುಳುಗಿಸೀರಿ ಜ್ವಾಕಿ! ಅದರಾಗ ನನ್ನ ಕಲ್ಲೈತಿ!"